ಬಹುಜನಸುಖವೂ ಲಕ್ಕಮ್ಮನ ಅಕ್ಕಿಯೂ

ಒಬ್ಬ ವರ್ತಕನು ತೂಕದಲ್ಲಿ ವಂಚಿಸಿ, ಆಳುಗಳ ಕೂಲಿಯಲ್ಲಿ ಅಷ್ಟಿಷ್ಟು ಹಿಡಿದು, ಹಣ ಕೂಡಿಸಿದನೆಂದು ಇಟ್ಟುಕೊಳ್ಳೋಣ. ಆ ಹಣದಲ್ಲಿ ದೊಡ್ಡದೊಂದು ಪಾಲನ್ನು ಅವನು ಮಠದ ಪ್ರಸಾದನಿಲಯಕ್ಕೆ ಒಪ್ಪಿಸಿದನು. ಅದರಿಂದ ಇನ್ನೂರು ಬಡಮಕ್ಕಳು ವರ್ಷವಿಡೀ ಎರಡು ಹೊತ್ತು ಉಂಡು ಓದುತ್ತಿರುವರು. ವಂಚನೆಗೊಳಗಾದವರು ಬಹುಮಂದಿ ಇದ್ದರೂ ಒಬ್ಬೊಬ್ಬರಿಗೆ ಆದ ನಷ್ಟವು ಅಲ್ಪ. ಮಕ್ಕಳಿಗಾದ ಉಪಕಾರವೋ ಜೀವಮಾನವೆಲ್ಲ ನಿಲ್ಲತಕ್ಕದ್ದು. ಒಟ್ಟು ಲೆಕ್ಕದಲ್ಲಿ ಲೋಕಕ್ಕೆ ಒಳಿತೇ ಹೆಚ್ಚಾಯಿತಲ್ಲವೆ? ಹೀಗಿರುವಾಗ ಈ ದಾನವನ್ನು ದಾಸೋಹವೆನ್ನಲು ಏನಡ್ಡಿ? ಹೀಗೆಂದು ಬುದ್ಧಿವಂತನಾದ ಭಕ್ತನೊಬ್ಬನು ಕೇಳಿದರೆ, ಹಾರಿಕೆಯ ಉತ್ತರ ಕೊಟ್ಟು ಅವನನ್ನು ಸುಮ್ಮನಾಗಿಸುವುದು ತರವಲ್ಲ. ಅವನು ತಿಳಿದೋ ತಿಳಿಯದೆಯೋ ಒಂದು ದೊಡ್ಡ ನೀತಿಶಾಸ್ತ್ರದ ಭಾಷೆಯಲ್ಲಿ ಮಾತನಾಡುತ್ತಿರುವನು. ಆ ಶಾಸ್ತ್ರಕ್ಕೆ ಕನ್ನಡದಲ್ಲಿ ಉಪಯುಕ್ತತಾವಾದವೆಂದು ಹೆಸರು. ಯಾವ ಕಾರ್ಯದಿಂದ ಅದಕ್ಕೆ ಸಂಬಂಧಪಟ್ಟವರೆಲ್ಲರ ಸುಖವು ಒಟ್ಟಿನಲ್ಲಿ ಹೆಚ್ಚುವುದೋ ಅಥವಾ ದುಃಖವು ತಗ್ಗುವುದೋ ಅದೇ ಸತ್ಕಾರ್ಯ. ಬೇರೆ ಒರೆಗಲ್ಲು ಬೇಕಿಲ್ಲ ಎಂಬುದು ಅದರ ತಿರುಳು.

ಈ ವಾದವನ್ನು ಶಾಸ್ತ್ರವಾಗಿ ಕಟ್ಟಿದವನು ಇಂಗ್ಲೆಂಡಿನ ಜೆರೆಮಿ ಬೆಂಥಮ್. ಅವನು 1748ರಲ್ಲಿ ಲಂಡನ್ನಿನಲ್ಲಿ ಹುಟ್ಟಿ 1832ರಲ್ಲಿ ತೀರಿಕೊಂಡನು. ವಕೀಲಿಗೆ ಓದಿದರೂ ವಕೀಲಿ ಮಾಡಲಿಲ್ಲ. ಕಾನೂನನ್ನು ತಿದ್ದುವುದಕ್ಕೆ ಬಾಳನ್ನು ಮುಡಿಪಿಟ್ಟನು. ಅವನ ಕಾಲದ ಇಂಗ್ಲೆಂಡಿನಲ್ಲಿ ಸುಮಾರು 200 ಬಗೆಯ ಅಪರಾಧಗಳಿಗೆ ಮರಣದಂಡನೆಯಿತ್ತು. ಸಣ್ಣಪುಟ್ಟ ಕಳವಿಗೂ ನೇಣು. ಏಕೆಂದು ಕೇಳಿದರೆ, ಹಿಂದಿನಿಂದ ಬಂದದ್ದು, ಅಪರಾಧಿಗೆ ತಕ್ಕದ್ದು, ಎಂಬ ಉತ್ತರಗಳು. ಬೆಂಥಮನು ಕೇಳಿದ ಪ್ರಶ್ನೆಯೇ ಬೇರೆ. ದಂಡನೆಯೆಂಬುದು ಸ್ವತಃ ಒಂದು ನೋವು. ಆದಕಾರಣ ಅದೊಂದು ಕೇಡು. ಅದಕ್ಕಿಂತ ದೊಡ್ಡ ಕೇಡನ್ನು ತಡೆಯುವುದಾದರೆ ಮಾತ್ರ ಅದಕ್ಕೆ ಎಡೆಯುಂಟು. ತಡೆಯದಿದ್ದರೆ ಅದು ಬರಿಯ ಹಿಂಸೆ. 1789ರಲ್ಲಿ ಪ್ರಕಟವಾದ ನೀತಿ ಮತ್ತು ಶಾಸನಗಳ ತತ್ತ್ವಗಳನ್ನು ಕುರಿತ ಗ್ರಂಥದಲ್ಲಿ ಅವನು ಸುಖದುಃಖಗಳನ್ನು ಅಳೆಯುವ ಏಳು ಮಾನಗಳನ್ನು ಕೊಟ್ಟನು: ತೀವ್ರತೆ, ಬಾಳಿಕೆ, ನಿಶ್ಚಿತತೆ, ಸಾಮೀಪ್ಯ, ಇನ್ನೂ ಸುಖವನ್ನು ಹೆರುವ ಶಕ್ತಿ, ದುಃಖದ ಬೆರಕೆಯಿಲ್ಲದಿರುವುದು, ಎಷ್ಟು ಜನಕ್ಕೆ ಹಬ್ಬುವುದೆಂಬ ವ್ಯಾಪ್ತಿ.

ಈ ಪಟ್ಟಿಯನ್ನು ನೋಡಿ, ಅಂಗಡಿಯ ಖಾತೆ ಬರೆಯುವವನಂತೆ ಧರ್ಮವನ್ನು ಬರೆಯಹೊರಟನಲ್ಲ ಎಂದು ನಗುವವರುಂಟು. ನಗುವ ಮೊದಲು ಅದರ ಒಳಗನ್ನು ನೋಡಬೇಕು. ಆ ಖಾತೆಯಲ್ಲಿ ಅರಸನ ಹಲ್ಲುನೋವಿಗೂ ಜಾಡಮಾಲಿಯ ಹಲ್ಲುನೋವಿಗೂ ಒಂದೇ ಬೆಲೆ. ಕುಲವಿಲ್ಲ, ಪದವಿಯಿಲ್ಲ, ಒಬ್ಬನೆಂದರೆ ಒಬ್ಬನೇ. ಮೂಕಪ್ರಾಣಿಗಳನ್ನು ಕುರಿತು ಅವನು, ಅವು ವಿಚಾರಮಾಡಬಲ್ಲವೆ, ಮಾತಾಡಬಲ್ಲವೆ ಎಂಬುದು ಪ್ರಶ್ನೆಯಲ್ಲ, ನೋಯಬಲ್ಲವೆ ಎಂಬುದೇ ಪ್ರಶ್ನೆ ಎಂಬ ಅರ್ಥದ ಮಾತನ್ನು ಅದೇ ಗ್ರಂಥದಲ್ಲಿ ಬರೆದನು. ಸಕಲ ಜೀವಾತ್ಮರಿಗೆ ಲೇಸು ಬಯಸಿದ ಶರಣರ ಮಕ್ಕಳಿಗೆ ಈ ಮಾತು ಪರಕೀಯವಾಗಿ ಕೇಳಿಸಬಾರದು. ನಮ್ಮ ನಾಡಿಗೂ ಬೆಂಥಮನಿಗೂ ಸಂಬಂಧವಿಲ್ಲದಿಲ್ಲ. ಮೆಕಾಲೆಯ ಆಯೋಗವು 1837ರಲ್ಲಿ ಸಿದ್ಧಪಡಿಸಿದ ದಂಡಸಂಹಿತೆಯ ಕರಡಿನಲ್ಲಿ ಬೆಂಥಮನ ವಿಚಾರಗಳ ಛಾಯೆಯಿದೆ. ಅದು 1860ರಲ್ಲಿ ಶಾಸನವಾಗಿ 2024ರವರೆಗೆ ನಮ್ಮ ನ್ಯಾಯಾಲಯಗಳಲ್ಲಿ ನಡೆಯಿತು.

ಆದರೆ ಒಟ್ಟು ಲೆಕ್ಕವೊಂದನ್ನೇ ನಂಬಿದರೆ ಎಲ್ಲಿಗೆ ಹೋಗಿ ಮುಟ್ಟುವೆವೆಂಬುದು ಬೆಂಥಮನ ಕಾಲದಲ್ಲಿಯೇ ಕಂಡಿತು. ವಿಲಿಯಮ್ ಗಾಡ್ವಿನ್ ಎಂಬುವನು 1793ರಲ್ಲಿ ಒಂದು ದೃಷ್ಟಾಂತ ಕೊಟ್ಟನು. ಫ್ರಾನ್ಸಿನ ಧರ್ಮಾಧಿಕಾರಿಯೂ ಗ್ರಂಥಕರ್ತನೂ ಆದ ಫೆನೆಲಾನನ ಅರಮನೆಗೆ ಬೆಂಕಿ ಬಿದ್ದಿದೆ. ಒಳಗೆ ಅವನೂ ಅವನ ದಾಸಿಯೂ ಸಿಕ್ಕಿರುವರು. ಒಬ್ಬರನ್ನು ಮಾತ್ರ ಹೊರಗೆ ತರಬಹುದು. ಯಾರನ್ನು? ಫೆನೆಲಾನನನ್ನೇ, ಏಕೆಂದರೆ ಅವನ ಗ್ರಂಥದಿಂದ ಸಾವಿರಾರು ಜನಕ್ಕೆ ಉಪಕಾರವಾಗುವುದು ಎಂದನು ಗಾಡ್ವಿನ್. ಆ ದಾಸಿಯು ನನ್ನ ತಾಯಿಯೇ ಆಗಿದ್ದರೂ ನಿರ್ಣಯವು ಬದಲಾಗದು ಎಂದೂ ಸೇರಿಸಿದನು. ನಿಷ್ಪಕ್ಷಪಾತವೆಂಬುದು ಇಲ್ಲಿ ಎಷ್ಟು ಕಠೋರವಾಯಿತು ನೋಡಿರಿ. ಅರಸನಿಗೂ ಆಳಿಗೂ ಒಂದೇ ಬೆಲೆಯೆಂದು ಆರಂಭವಾದ ಲೆಕ್ಕವು, ಲೋಕಕ್ಕೆ ಹೆಚ್ಚು ಉಪಯೋಗಕ್ಕೆ ಬರುವವನಿಗೆ ಹೆಚ್ಚು ಬೆಲೆಯೆಂದು ಮುಗಿಯಿತು. ನೋವನ್ನು ಎಣಿಸುವಾಗ ಸಮಾನಳಾಗಿದ್ದ ದಾಸಿಯು, ಉಪಯೋಗವನ್ನು ಎಣಿಸುವಾಗ ಕೆಳಗೆ ಬಿದ್ದಳು.

ದೃಷ್ಟಾಂತ ಬೇಡ, ನಡೆದ ಸಂಗತಿಯನ್ನೇ ಹೇಳುತ್ತೇನೆ. ಬೆಂಥಮನ ಕೊನೆಗಾಲದಲ್ಲಿ ಅವನ ಬರವಣಿಗೆಗೆ ನೆರವಾಗಿದ್ದ ಎಡ್ವಿನ್ ಚಾಡ್ವಿಕ್ ಎಂಬುವನು 1834ರ ಇಂಗ್ಲೆಂಡಿನ ಬಡವರ ಕಾನೂನನ್ನು ರೂಪಿಸಿದವರಲ್ಲಿ ಮುಖ್ಯನು. ಸುಮ್ಮನೆ ಅನ್ನ ಹಾಕಿದರೆ ಜನ ಸೋಮಾರಿಗಳಾಗುವರು. ಆದ್ದರಿಂದ ಸಹಾಯ ಬೇಡುವವನ ಸ್ಥಿತಿಯು ಅತ್ಯಂತ ಬಡ ಕೂಲಿಕಾರನ ಸ್ಥಿತಿಗಿಂತಲೂ ಕೆಳಗಿರಬೇಕು. ಆಗ ನಿಜವಾಗಿ ಗತಿಯಿಲ್ಲದವನು ಮಾತ್ರ ಬರುವನು, ಒಟ್ಟಿನಲ್ಲಿ ದೇಶಕ್ಕೆ ಲಾಭ. ಇದು ಲೆಕ್ಕ. ಇದರಂತೆ ನಡೆದ ದುಡಿಮೆಮನೆಗಳಲ್ಲಿ ಗಂಡನನ್ನು ಹೆಂಡತಿಯಿಂದ, ತಾಯಿಯನ್ನು ಮಕ್ಕಳಿಂದ ಬೇರ್ಪಡಿಸಿ ಇಡುತ್ತಿದ್ದರು. 1845ರಲ್ಲಿ ಆಂಡೋವರ್ ಎಂಬ ಊರಿನ ದುಡಿಮೆಮನೆಯ ಸಂಗತಿ ಹೊರಬಿತ್ತು. ಗೊಬ್ಬರಕ್ಕಾಗಿ ಎಲುಬು ಕುಟ್ಟುವ ಕೆಲಸಕ್ಕೆ ಹಚ್ಚಲ್ಪಟ್ಟ ಬಡವರು, ಹಸಿವು ತಾಳಲಾರದೆ ಆ ಎಲುಬುಗಳಿಗೆ ಅಂಟಿದ್ದ ಕೊಳೆತ ಮಾಂಸವನ್ನೂ ಒಳಗಿನ ಮಜ್ಜೆಯನ್ನೂ ತಿನ್ನುತ್ತಿದ್ದರು. ಪಾರ್ಲಿಮೆಂಟು ವಿಚಾರಣೆ ನಡೆಸಿತು. 1847ರಲ್ಲಿ ಆ ಆಡಳಿತಮಂಡಲಿಯೇ ರದ್ದಾಯಿತು.

ಆದರೂ ಚಾಡ್ವಿಕ್‌ನನ್ನು ಕ್ರೂರಿಯೆಂದು ತಳ್ಳಿಬಿಡಲಾಗದು. ಅದೇ ಮನುಷ್ಯನು 1842ರಲ್ಲಿ ಕೂಲಿಕಾರರ ಕೇರಿಗಳ ಹೊಲಸು, ಚರಂಡಿ, ನೀರುಗಳ ವಿಷಯವಾಗಿ ದೊಡ್ಡ ವರದಿಯನ್ನು ಬರೆದನು. ಅದರ ಫಲವಾಗಿ 1848ರಲ್ಲಿ ಸಾರ್ವಜನಿಕ ಆರೋಗ್ಯದ ಕಾನೂನು ಬಂದಿತು. ಅನೇಕರ ಪ್ರಾಣ ಉಳಿಸಿದ ಹಾದಿಗೆ ಅದು ಮೊದಲ ಕಲ್ಲು. ಒಂದೇ ತಲೆ, ಒಂದೇ ತತ್ತ್ವ. ಚರಂಡಿಯ ವಿಷಯದಲ್ಲಿ ಉಪಕಾರ, ಹಸಿದವನ ವಿಷಯದಲ್ಲಿ ಅಪಚಾರ. ಇದೇಕೆ ಹೀಗಾಯಿತು? ಚರಂಡಿಗೆ ಮಾನಾಪಮಾನವಿಲ್ಲ. ಬೇಡಲು ಬಂದವನಿಗೆ ಉಂಟು. ದಾಸೋಹದಲ್ಲಿ ಕೊಡುವವನು ತನ್ನನ್ನು ದಾಸನೆಂದುಕೊಳ್ಳಬೇಕು, ಉಣ್ಣಬಂದವನು ಜಂಗಮಸ್ವರೂಪನು ಎಂದು ಶರಣರು ವಿಧಿಸಿದ್ದು ಬರಿಯ ಭಾವುಕತೆಯಿಂದಲ್ಲ. ಅನ್ನದ ಜೊತೆಗೆ ಅವಮಾನವನ್ನು ಬಡಿಸಿದರೆ ತುತ್ತು ಎಷ್ಟೆಂಬ ಲೆಕ್ಕ ಸರಿಯಾದರೂ ದಾಸೋಹ ಕೆಡುವುದು. ನಮ್ಮ ಕೆಲವು ಅನ್ನಸತ್ರಗಳ ಪಂಕ್ತಿಗಳಲ್ಲಿ ಬಡಿಸುವವರ ಗದರಿಕೆಯನ್ನು ಕೇಳಿದವರಿಗೆ ಆಂಡೋವರ್ ಬಹಳ ದೂರದ ಊರೆಂದು ತೋರಲಾರದು.

ಈ ವಾದದ ಎರಡನೆಯ ಘಟ್ಟದಲ್ಲಿ ನಿಲ್ಲುವವನು ಜಾನ್ ಸ್ಟುವರ್ಟ್ ಮಿಲ್ (1806–1873). ಇವನ ತಂದೆ ಜೇಮ್ಸ್ ಮಿಲ್ ಬೆಂಥಮನ ಆಪ್ತ. ಭಾರತವನ್ನು ಕಣ್ಣಿನಿಂದ ನೋಡದೆ, ಇಲ್ಲಿಯ ಒಂದು ಭಾಷೆಯನ್ನೂ ಕಲಿಯದೆ, 1817ರಲ್ಲಿ ಬ್ರಿಟಿಷ್ ಭಾರತದ ಇತಿಹಾಸವನ್ನು ಬರೆದವನು. ಮಗನಿಗೆ ಮೂರನೆಯ ವಯಸ್ಸಿಗೆ ಗ್ರೀಕ್ ಭಾಷೆಯ ಪಾಠ. ಬೆಂಥಮನ ತತ್ತ್ವವನ್ನು ಜಗತ್ತಿನಲ್ಲಿ ನೆಲೆಗೊಳಿಸಲೆಂದೇ ಆ ಹುಡುಗನನ್ನು ಬೆಳೆಸಲಾಯಿತು. 1823ರಿಂದ 1858ರವರೆಗೆ ಅವನು ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಛೇರಿಯಲ್ಲಿಯೇ ನೌಕರಿ ಮಾಡಿದನು. 1826ರಲ್ಲಿ, ಇಪ್ಪತ್ತು ವರ್ಷದ ತರುಣನಾಗಿದ್ದಾಗ, ಅವನಿಗೊಂದು ದೊಡ್ಡ ಮನೋಗ್ಲಾನಿ ಒದಗಿತು. ನೀನು ಬಯಸುವ ಸುಧಾರಣೆಗಳೆಲ್ಲ ಈ ಕ್ಷಣವೇ ಕೈಗೂಡಿದರೆ ನಿನಗೆ ಸುಖವಾದೀತೆ ಎಂದು ತನ್ನನ್ನು ತಾನು ಕೇಳಿಕೊಂಡನು. ಇಲ್ಲವೆಂದು ಒಳಗಿನಿಂದ ಉತ್ತರ ಬಂದಿತು. ಬಾಳಿನ ಆಧಾರವೇ ಕುಸಿದಂತಾಯಿತು. ಮುಂದೆ ಅವನನ್ನು ಎತ್ತಿ ನಿಲ್ಲಿಸಿದವುಗಳಲ್ಲಿ ವರ್ಡ್ಸ್‌ವರ್ತ್ ಕವಿಯ ಕಾವ್ಯವೂ ಒಂದು. ಸುಖವನ್ನೇ ಗುರಿಯಾಗಿಟ್ಟು ಓಡಿದವನಿಗೆ ಸುಖ ಸಿಕ್ಕದು. ಬೇರೊಂದು ಸತ್ಕಾರ್ಯದಲ್ಲಿ ಮನವಿಟ್ಟವನಿಗೆ ದಾರಿಯಲ್ಲಿ ತಾನಾಗಿ ದೊರೆಯುವುದು ಎಂಬ ಅನುಭವವನ್ನು ಅವನು ಆತ್ಮಚರಿತ್ರೆಯಲ್ಲಿ ದಾಖಲಿಸಿರುವನು. ಕಾಯಕದಲ್ಲಿ ನಿರತನಾದವನು ಕೈಲಾಸದ ಚಿಂತೆಯನ್ನೇ ಬಿಡಬೇಕೆಂದ ನಮ್ಮ ಹಿರಿಯರು ಈ ಅನುಭವವನ್ನು ಒಪ್ಪುತ್ತಿದ್ದರು.

ಮಿಲ್ಲನು 1861ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟಿಸಿ 1863ರಲ್ಲಿ ಪುಸ್ತಕವಾಗಿ ತಂದ ಉಪಯುಕ್ತತಾವಾದವೆಂಬ ಪ್ರಬಂಧದಲ್ಲಿ ಬೆಂಥಮನ ಅಳತೆಗೋಲನ್ನು ತಿದ್ದಿದನು. ಸಮಸುಖ ಕೊಡುವುದಾದರೆ ಹುಡುಗಾಟದ ಆಟವೂ ಕಾವ್ಯವೂ ಸಮಾನವೆಂದಿದ್ದನು ಬೆಂಥಮ್. ಮಿಲ್ಲನು ಒಪ್ಪಲಿಲ್ಲ. ಸುಖಗಳಲ್ಲಿ ಪ್ರಮಾಣಭೇದ ಮಾತ್ರವಲ್ಲ, ಗುಣಭೇದವೂ ಉಂಟು. ಹೊಟ್ಟೆ ತುಂಬಿದ ಹಂದಿಯ ತೃಪ್ತಿಗಿಂತ ತೃಪ್ತಿಯಿಲ್ಲದ ಜ್ಞಾನಿಯ ಬಾಳು ಮೇಲು. ಎರಡನ್ನೂ ಬಲ್ಲವನೇ ಇದಕ್ಕೆ ನ್ಯಾಯಾಧೀಶನು ಎಂದನು. ತಿದ್ದುಪಡಿಯೇನೋ ಸೊಗಸಾದದ್ದು. ಆದರೆ ಮೇಲು ಕೀಳೆಂಬ ಮಾತು ಬಂದೊಡನೆ ಸುಖವಲ್ಲದ ಇನ್ನೊಂದು ಒರೆಗಲ್ಲು ಒಳಗೆ ಬಂದಂತಾಗಲಿಲ್ಲವೆ? ಮಿಲ್ಲನ ವಿಮರ್ಶಕರು ಹಿಡಿದ ಜಾಗ ಇದೇ. ತರ್ಕದಲ್ಲಿ ಬಿರುಕಿದ್ದರೂ ನಡೆಯಲ್ಲಿ ಅವನು ದೊಡ್ಡವನು. ಸ್ತ್ರೀಯರಿಗೆ ಮತದಾನದ ಹಕ್ಕು ಬೇಕೆಂದು 1867ರಲ್ಲಿ ಪಾರ್ಲಿಮೆಂಟಿನಲ್ಲಿ ತಿದ್ದುಪಡಿ ತಂದು ಸೋತನು. ವಾದವನ್ನು ಮಾತ್ರ ಬಿಡಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಮತಕ್ಕೆ ಎರಡು ಮುಖ್ಯ ಶಾಖೆಗಳಾದವು. ಒಂದೊಂದು ಕ್ರಿಯೆಯನ್ನೂ ಅದರದರ ಫಲದಿಂದಲೇ ತೂಗಬೇಕೆಂಬುದು ಕ್ರಿಯಾಪಕ್ಷ. ಎಲ್ಲರೂ ಪಾಲಿಸಿದರೆ ಲೋಕಕ್ಕೆ ಹೆಚ್ಚು ಹಿತವಾಗುವ ನಿಯಮವನ್ನು ಮೊದಲು ಕಂಡುಕೊಂಡು, ಆಮೇಲೆ ಆ ನಿಯಮದಂತೆ ನಡೆಯಬೇಕೆಂಬುದು ನಿಯಮಪಕ್ಷ. ಸಾಲ ಕೊಟ್ಟ ಧನಿಕನು ಮರೆತಿದ್ದಾನೆ. ಆ ಹಣ ಬಡರೋಗಿಗೆ ಔಷಧಿಯಾಗಬಹುದು. ತೀರಿಸಬೇಕೆ? ಕ್ರಿಯಾಪಕ್ಷದವನು ತಕ್ಕಡಿ ಹಿಡಿದು ಯೋಚಿಸುವನು. ನಿಯಮಪಕ್ಷದವನು, ಎಲ್ಲರೂ ಹೀಗೆ ಮಾಡಿದರೆ ಸಾಲ ಕೊಡುವವರೇ ಇಲ್ಲವಾಗುವರೆಂದು ತೀರಿಸಿಬಿಡುವನು. ಇವೆರಡು ಪಕ್ಷಗಳಿಗೆ ಇಂದು ಇಂಗ್ಲಿಷಿನಲ್ಲಿ ರೂಢಿಯಾಗಿರುವ ಹೆಸರುಗಳನ್ನು 1959ರಲ್ಲಿ ಕೊಟ್ಟವನು ರಿಚರ್ಡ್ ಬ್ರಾಂಟ್ ಎಂಬ ಅಮೆರಿಕದ ತತ್ತ್ವಜ್ಞ. ಜೆ. ಜೆ. ಸಿ. ಸ್ಮಾರ್ಟ್ ಎಂಬ ಕ್ರಿಯಾಪಕ್ಷದ ಪಂಡಿತನು 1956ರಲ್ಲಿಯೇ ಎದುರಾಳಿಗಳ ಮೇಲೆ ನಿಯಮಪೂಜೆಯ ದೋಷವನ್ನು ಹೊರಿಸಿದನು. ಹಿತಕ್ಕಾಗಿ ಹುಟ್ಟಿದ ನಿಯಮವು ಈ ಪ್ರಸಂಗದಲ್ಲಿ ಅಹಿತವೆಂದು ಸ್ಪಷ್ಟವಾಗಿ ಕಂಡಮೇಲೂ ಅದನ್ನೇ ಹಿಡಿದಿರುವುದು ಮೌಢ್ಯವಲ್ಲವೆ ಎಂದು ಅವನ ಆಕ್ಷೇಪ. ಅರ್ಥವರಿಯದ ಆಚರಣೆಯನ್ನು ಕಟುವಾಗಿ ಟೀಕಿಸಿದ ಶರಣರ ಸಂತಾನವಾದ ನಮಗೆ ಈ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ.

ಇವೆರಡು ಪಕ್ಷಗಳನ್ನೂ ಆಯ್ದಕ್ಕಿ ಲಕ್ಕಮ್ಮನ ಮುಂದೆ ನಿಲ್ಲಿಸಿ ನೋಡೋಣ. ಕಥೆ ಎಲ್ಲರಿಗೂ ಗೊತ್ತು. ಮಾರಯ್ಯನವರ ಕಾಯಕವು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅದರಿಂದ ಜಂಗಮದಾಸೋಹ ನಡೆಯುವುದು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ನೋಡಿ, ಇದು ನಮ್ಮದಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿದರು. ಬಸವಣ್ಣನವರೇ ಬೇಕೆಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದರೆಂದು ಹೇಳುವವರೂ ಉಂಟು.

ಕ್ರಿಯಾಪಕ್ಷದವನಿಗೆ ಲಕ್ಕಮ್ಮನ ನಡೆ ಅರ್ಥವಾಗದು. ಅಕ್ಕಿ ಕದ್ದದ್ದಲ್ಲ, ನೆಲದಲ್ಲಿ ಬಿದ್ದದ್ದು. ಹೆಚ್ಚು ಅಕ್ಕಿಯಾದರೆ ಹೆಚ್ಚು ಜನ ಉಣ್ಣುವರು. ನಷ್ಟ ಯಾರಿಗೆ? ನಿಯಮಪಕ್ಷದವನು ಅವಳ ಬಳಿಗೆ ಇನ್ನಷ್ಟು ಬರುವನು. ಪ್ರತಿಯೊಬ್ಬನೂ ಅವಶ್ಯಕತೆಗಿಂತ ಹೆಚ್ಚು ಬಾಚಿಕೊಂಡರೆ ಅಂಗಳದಲ್ಲಿ ಇನ್ನೊಬ್ಬ ಬಡವನಿಗೆ ಅಕ್ಕಿ ಉಳಿಯದು. ಆದುದರಿಂದ ಅವಳ ನಿಯಮ ಸರಿ ಎನ್ನುವನು. ಇದು ಒಳ್ಳೆಯ ಕಾರಣವೇ. ಆದರೆ ಲಕ್ಕಮ್ಮನ ಕಾರಣ ಇದಲ್ಲ. ಅವಳು ನೋಡಿದ್ದು ಅಕ್ಕಿಯನ್ನಲ್ಲ, ತಂದವನ ಮನಸ್ಸನ್ನು. ನಾಳೆಗೆ ಇರಲಿ ಎಂಬ ಆಸೆಯೋ, ಹೆಚ್ಚು ಜನಕ್ಕೆ ಬಡಿಸಿದೆನೆಂಬ ಹಿರಿಮೆಯ ಬಯಕೆಯೋ ಆ ಹೆಚ್ಚಿನ ಹಿಡಿಯಲ್ಲಿ ಸೇರಿದೆಯೆಂದು ಕಂಡಳು. ಕಾಯಕವು ಸತ್ಯಶುದ್ಧವಾಗಿದ್ದರೆ ಪದಾರ್ಥವು ಅರ್ಪಿತವಾಗಿ ಪ್ರಸಾದವಾಗುವುದು. ಇಲ್ಲದಿದ್ದರೆ ಎಷ್ಟು ಎಲೆಗೆ ಬಡಿಸಿದರೂ ಅದು ಅನ್ನವೇ ಹೊರತು ಪ್ರಸಾದವಲ್ಲ. ಉಪಯುಕ್ತತಾವಾದಿಯು ಅನ್ನವು ಎಲ್ಲಿಗೆ ಹೋಯಿತೆಂದು ಕೇಳುವನು. ಶರಣೆಯು ಎಲ್ಲಿಂದ ಬಂದಿತೆಂದು ಮೊದಲು ಕೇಳುವಳು.

ಇಲ್ಲಿ ನಾವು ಹಿಗ್ಗಿ ಕುಳಿತುಕೊಳ್ಳಬಾರದು. ಎಲ್ಲಿಂದ ಬಂದಿತೆಂದು ಕೇಳಿ, ಎಲ್ಲಿಗೆ ಹೋಯಿತೆಂಬುದನ್ನು ಮರೆಯುವುದು ನಮ್ಮವರ ದೋಷ. ಹಣ ಶುದ್ಧ, ಮನಸ್ಸು ಶುದ್ಧ. ಆದರೆ ಜಾತ್ರೆಯಲ್ಲಿ ಉಂಡವರೇ ಮತ್ತೆ ಉಂಡು, ಊರ ಹೊರಗಿನ ಗುಡಿಸಲಿನಲ್ಲಿ ಹಸಿದವನು ಹಸಿದೇ ಇದ್ದರೆ ಆ ಶುದ್ಧಿಯಿಂದ ಅವನಿಗೇನು? ಆಸ್ಟ್ರೇಲಿಯದ ಪೀಟರ್ ಸಿಂಗರ್ ಎಂಬ ತತ್ತ್ವಜ್ಞನು 1972ರಲ್ಲಿ ಒಂದು ಪ್ರಬಂಧ ಬರೆದನು. 1971ರಲ್ಲಿ ಪೂರ್ವಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಭಾರತಕ್ಕೆ ಬಂದು ಸಾಯುತ್ತಿದ್ದುದೇ ಅದಕ್ಕೆ ನಿಮಿತ್ತ. ಕಣ್ಣೆದುರಿನ ಕೊಳದಲ್ಲಿ ಕೂಸೊಂದು ಮುಳುಗುತ್ತಿದ್ದರೆ, ಬಟ್ಟೆ ಕೆಸರಾಗುವುದೆಂದು ಸುಮ್ಮನಿರುವೆವೆ? ದೂರದಲ್ಲಿ ಸಾಯುವ ಕೂಸಿಗೂ ಇದೇ ನ್ಯಾಯವಲ್ಲವೆ? ಹಾಗಾದರೆ ನಮ್ಮ ಅಲಂಕಾರದ ವೆಚ್ಚವು ದಾನವಾಗಿ ಅಲ್ಲ, ಕರ್ತವ್ಯವಾಗಿಯೇ ಅಲ್ಲಿಗೆ ಸಲ್ಲಬೇಕು. ಈ ವಾದಕ್ಕೆ ಉತ್ತರ ಹೇಳಲು ನನಗಂತೂ ಬಾರದು. ಬಂಗಾರದ ಕರಡಿಗೆಗೆ ಹಣ ಕೂಡಿಸುವ ಭಕ್ತರು ಇದನ್ನು ಓದಿದರೆ ಒಳಿತು.

ಇದೇ ಮತದ ದುರ್ಬಲತೆಯನ್ನು ತೋರಿಸಿದವರೂ ಆಗಿಹೋದರು. 1971ರಲ್ಲಿ ಅಮೆರಿಕದ ಜಾನ್ ರಾಲ್ಸ್, ಉಪಯುಕ್ತತಾವಾದವು ಮನುಷ್ಯರು ಬೇರೆಬೇರೆ ವ್ಯಕ್ತಿಗಳೆಂಬುದನ್ನು ಗಂಭೀರವಾಗಿ ಎಣಿಸುವುದಿಲ್ಲ ಎಂದನು: ನನ್ನ ಇಂದಿನ ನೋವನ್ನು ನನ್ನ ನಾಳೆಯ ಸುಖ ತುಂಬಿಕೊಡಬಹುದು, ನಿನ್ನ ನೋವನ್ನು ನನ್ನ ಸುಖ ತುಂಬಿಕೊಡಲಾರದು. ನಮ್ಮವರೇ ಆದ ಅಮರ್ತ್ಯ ಸೇನ್ ಅವರು ಇನ್ನೊಂದನ್ನು ತೋರಿಸಿದರು. ಬಹುಕಾಲ ಅಭಾವದಲ್ಲಿ ಬಾಳಿದವರು ಅಲ್ಪದಲ್ಲಿಯೇ ತೃಪ್ತಿಪಡಲು ಕಲಿಯುವರು. ಎಲ್ಲರೂ ಉಂಡಮೇಲೆ ಉಳಿದುದನ್ನು ಉಂಡು ನಗುನಗುತ್ತಿರುವ ಸೊಸೆಯ ತೃಪ್ತಿಯನ್ನು ಅಳೆದರೆ ಅವಳಿಗೆ ಕೊರತೆಯೇ ಇಲ್ಲವೆಂದು ಲೆಕ್ಕ ಬರುವುದು.

ಇವರೆಲ್ಲರಿಗಿಂತ ಹೆನ್ರಿ ಸಿಡ್ಜ್‌ವಿಕ್ (1838–1900) ಎಂಬವನು ನನಗೆ ಹೆಚ್ಚು ಹತ್ತಿರದವನೆನಿಸುವನು. ಕೇಂಬ್ರಿಜ್ಜಿನ ಈ ಅಧ್ಯಾಪಕನು, ತನಗೆ ನಂಬಿಕೆಯಿಲ್ಲದ ಮತಸೂತ್ರಗಳಿಗೆ ಸಹಿ ಹಾಕಿ ಪಡೆಯತಕ್ಕ ಸ್ಥಾನವನ್ನು 1869ರಲ್ಲಿ ತ್ಯಜಿಸಿದನು. 1874ರ ತನ್ನ ಮಹಾಗ್ರಂಥದಲ್ಲಿ ಉಪಯುಕ್ತತಾವಾದವನ್ನು ಇತರರಾರೂ ಕಟ್ಟದಷ್ಟು ಎಚ್ಚರದಿಂದ ಕಟ್ಟಿ, ಕೊನೆಯಲ್ಲಿ ಒಂದು ಬಾಗಿಲು ಮುಚ್ಚದೆಂದು ಒಪ್ಪಿಕೊಂಡನು. ಎಲ್ಲರ ಸುಖಕ್ಕಾಗಿ ನನ್ನ ಸುಖವನ್ನು ಏಕೆ ತೆರಬೇಕು? ವಿಚಾರವು ನನ್ನ ಹಿತವನ್ನು ನೋಡೆಂದೂ ಹೇಳುವುದು, ಸರ್ವರ ಹಿತವನ್ನು ನೋಡೆಂದೂ ಹೇಳುವುದು. ಎರಡನ್ನೂ ಕೂಡಿಸಲು ವಿಶ್ವದಲ್ಲಿ ಒಂದು ಧರ್ಮವ್ಯವಸ್ಥೆಯಿದೆಯೆಂದು ನಂಬಬೇಕು, ಅದನ್ನು ನೀತಿಶಾಸ್ತ್ರವು ತಾನಾಗಿ ಸಿದ್ಧಪಡಿಸಲಾರದು. ಶರಣಮಾರ್ಗವು ಇದಕ್ಕೆ ತರ್ಕದ ಉತ್ತರ ಕೊಡುವುದಿಲ್ಲ. ಪ್ರಶ್ನೆ ಹುಟ್ಟುವ ಬೇರನ್ನೇ ಮುಟ್ಟುವುದು. ಕೊಡುವ ನಾನು, ಪಡೆಯುವ ಅವನು ಎಂಬ ಎರಡು ಇರುವತನಕ ತ್ಯಾಗವು ನಷ್ಟವೇ. ಅಂಗೈಯ ಲಿಂಗವನ್ನೇ ಎದುರಿನವನಲ್ಲಿ ಕಂಡವನಿಗೆ ಕೊಟ್ಟದ್ದು ಯಾರಿಗೆ ಕಳೆದುಹೋಯಿತು? ದಾಸೋಹಂ ಎಂಬ ಭಾವವು ಸಿಡ್ಜ್‌ವಿಕ್‌ನು ತೆರೆದಿಟ್ಟ ಬಾಗಿಲಲ್ಲಿ ಒಳಹೋಗುವ ಭಾವ. ಇದು ಸಾಧನೆಯ ಮಾತು. ಓದಿ ಒಪ್ಪಿಕೊಂಡ ಮಾತ್ರಕ್ಕೆ ದಕ್ಕದು.

ಇನ್ನು ಆ ವರ್ತಕನ ವಿಷಯ. ಅವನ ಹಣದಿಂದ ಮಕ್ಕಳು ಉಂಡದ್ದು ಸುಳ್ಳಲ್ಲ, ಅದು ಅವರಿಗೆ ಹಿತವಾಗಿದ್ದುದೂ ಸುಳ್ಳಲ್ಲ. ಆದರೂ ಅದು ದಾಸೋಹವಲ್ಲ. ಲಕ್ಕಮ್ಮನು ಅಕ್ಕಿಯನ್ನು ಬೀದಿಗೆ ಚೆಲ್ಲಿಸಲಿಲ್ಲ, ಹೊಳೆಗೆ ಹಾಕಿಸಲಿಲ್ಲ. ಎಲ್ಲಿಂದ ಬಂದಿತ್ತೋ ಆ ಅಂಗಳಕ್ಕೇ ಕಳುಹಿಸಿದಳು. ಮಠದ ಹಿರಿಯರು ಅವನಿಗೆ ಹೇಳತಕ್ಕದ್ದೂ ಇದೇ. ಹಿಡಿದ ಕೂಲಿಯನ್ನು ಆಳುಗಳಿಗೆ ಮೊದಲು ಎಣಿಸಿ ಕೊಡಲಿ, ಅಂಗಡಿಯ ಕಲ್ಲುಗಳನ್ನು ಸರಿಪಡಿಸಲಿ. ಆಮೇಲೆ ಅವನ ಕಾಯಕದಲ್ಲಿ ಉಳಿದದ್ದು ಒಂದು ಸೇರು ಜೋಳವಾದರೂ ಪ್ರಸಾದನಿಲಯವು ತಲೆಬಾಗಿ ಸ್ವೀಕರಿಸಲಿ. ಹಾಗೆಂದು ಮಕ್ಕಳ ಎಲೆ ಒಂದು ದಿನವೂ ಬರಿದಾಗಬಾರದು. ಅವನು ಕೊಡುತ್ತಿದ್ದುದು ವರ್ಷಕ್ಕೆ ಎಷ್ಟು ಚೀಲ, ಅದನ್ನು ಎಷ್ಟು ಮನೆಗಳವರು ತಿಂಗಳಿಗೆ ತಲಾ ಎಷ್ಟು ಸೇರು ಕೊಟ್ಟರೆ ತುಂಬಬಹುದು ಎಂಬ ಲೆಕ್ಕವನ್ನು ಊರಿನ ಭಕ್ತರು ಅವನ ಬಳಿಗೆ ಹೋಗುವ ಮೊದಲೇ ಕುಳಿತು ಹಾಕಬೇಕು.